ಏರ್‌ಗನ್ ಗುರಿ ತಪ್ತಿದ್ಯಾ? ಮೊದಲು ಪೆಲೆಟ್ ನೋಡಿ

ಹಾನಗಲ್: ಜಾತ್ರೆಯಲ್ಲಿ ಬಲೂನ್ ಹೊಡೆದು ರುಚಿ ಹತ್ತಿ ಸ್ವಂತ ಏರ್ ರೈಫಲ್ ತಗೊಂಡಿದ್ದೀರಾ? 10 ಮೀಟರ್ ದೂರದಲ್ಲಿ ಮಣ್ಣಿನ ಚೀಲಕ್ಕೆ ಕಾಗದ ಅಂಟಿಸಿ, ಒಂದೇ ಚುಕ್ಕೆಗೆ 5 ಸಲ ಹೊಡೀರಿ. ಸ್ಪ್ರಿಂಗ್ ಗನ್ ಕುಪ್ಪಳಿಸುತ್ತೆ, ಗಟ್ಟಿ ವಸ್ತು ಮೇಲೆ ಇಡಬೇಡಿ, ಅಂಗೈ ಮೇಲೆ ಸಡಿಲ ಇರಲಿ. ತೂತುಗಳು ಗುಂಪಾಗಿದ್ದು ಚುಕ್ಕೆಯಿಂದ ದೂರ ಇದ್ರೆ ಸೈಟ್ ತಿರುಗಿಸಿ, ಸಾಕು. ಚೆಲ್ಲಾಪಿಲ್ಲಿ ಆಗಿದ್ರೆ ಸೈಟ್ ಮುಟ್ಟಲೇಬೇಡಿ. ಸ್ಕ್ರೂ ಬಿಗಿ ಮಾಡಿ, ಬೇರೆ ಪೆಲೆಟ್ ಹಾಕಿ ನೋಡಿ. ತಳ ಸೊಟ್ಟಗಾದ ಪೆಲೆಟ್ ಎಂಥ ದುಬಾರಿ ಗನ್‌ನಿಂದಲೂ ನೆಟ್ಟಗೆ ಹೋಗಲ್ಲ. ಪೆಲೆಟ್ ಇಲ್ಲದೆ ಟ್ರಿಗರ್ ಒತ್ತಿದ್ರೆ ಸೀಲ್ ಹಾಳು.

ನಮ್ಮ ಕಡೆ ಮಳೆಗಾಲದಲ್ಲಿ ಗೋಣಿಚೀಲ ಸುತ್ತಿಟ್ರೆ ತುಕ್ಕು ಗ್ಯಾರಂಟಿ. ಹೊರಗೆ ತೆಳ್ಳಗೆ ಎಣ್ಣೆ ಒರೆಸಿ.

.177 ಬೋರ್, 20 ಜೌಲ್ ಒಳಗಿನ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಹಾಗಂತ ಹೊಲಕ್ಕೆ ಬಂದ ನವಿಲಿಗೆ ಹೊಡೆದ್ರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕನಿಷ್ಠ 3 ವರ್ಷ ಜೈಲು.