ಅದ್ಭುತರಮ್ಯ ಕಥನ

ನಿಸರ್ಗನಿಯಮ ಮೀರಿದ ಘಟನೆ, ಜೀವಿ ಅಥವಾ ಲೋಕವನ್ನು ಕಥೆಯ ಮಟ್ಟಿಗೆ ನಿಜವೆಂದೇ ಒಪ್ಪಿ ನಡೆಯುವ ಕಲ್ಪಿತ ಕಥನಪ್ರಕಾರ, ಫ್ಯಾಂಟಸಿ. ವಿಜ್ಞಾನಕಥೆಯಂತೆ ಇಲ್ಲಿ ಅದ್ಭುತಕ್ಕೆ ವೈಜ್ಞಾನಿಕ ಕಾರಣ ಬೇಕಿಲ್ಲ. ಉಪಪ್ರಕಾರಗಳನ್ನು ಮುಖ್ಯವಾಗಿ ಲೋಕರಚನೆಯ ಮೇಲೆ ಗುರುತಿಸುತ್ತಾರೆ: ಪೂರ್ಣ ಕಲ್ಪಿತ ಲೋಕದ 'ಹೈ ಫ್ಯಾಂಟಸಿ' (ಟೋಲ್ಕಿನ್, 1954–55), ನಿತ್ಯದ ಲೋಕಕ್ಕೆ ಅದ್ಭುತ ನುಗ್ಗುವ 'ಲೋ ಫ್ಯಾಂಟಸಿ', ಒಂದು ಲೋಕದಿಂದ ಇನ್ನೊಂದಕ್ಕೆ ದಾಟುವ ದ್ವಾರಕಥನ, ಸಾಹಸಪ್ರಧಾನ ಖಡ್ಗ-ಮಾಂತ್ರಿಕ ಕಥನ, ನಗರ ಫ್ಯಾಂಟಸಿ.

ಕನ್ನಡದ ಹಳೆಯ ಕೃತಿಗಳು ಈ ವಿಂಗಡಣೆಗೆ ಸಲೀಸಾಗಿ ಒಗ್ಗವು. ಅವುಗಳ ಒಂದು ಮೂಲ ಗುಣಾಢ್ಯನ ಪೈಶಾಚಿ 'ಬೃಹತ್ಕಥೆ'. ಪರಂಪರೆ ಅವನನ್ನು ಮರಾಠವಾಡದ ಪ್ರತಿಷ್ಠಾನದ (ಪೈಠಣ) ಸಾತವಾಹನ ಆಸ್ಥಾನಕ್ಕೆ ಸೇರಿಸುತ್ತದೆ. ಕಲ್ಯಾಣದ ಚಾಲುಕ್ಯವಂಶದ ಜಯಸಿಂಹನ ಸಂಧಿವಿಗ್ರಹಿ ದುರ್ಗಸಿಂಹನು ವಸುಭಾಗಭಟ್ಟನ ಪಾಠ ಅನುಸರಿಸಿ 'ಕರ್ಣಾಟಕ ಪಂಚತಂತ್ರ' (ಸು. 1031) ರಚಿಸಿದ. ಇದು ಮಾತಾಡುವ ಪ್ರಾಣಿಗಳ ನೀತಿಕಥನ. ಕಥೆಯೊಳಗೆ ಕಥೆ ಇದರ ಬಂಧ. ಒಂದನೆಯ ನಾಗವರ್ಮನ 'ಕರ್ಣಾಟಕ ಕಾದಂಬರಿ' ಜನ್ಮಾಂತರದ ಪ್ರಣಯಕಥನ. 12ನೆಯ ಶತಮಾನದ ನೇಮಿಚಂದ್ರನ 'ಲೀಲಾವತಿ ಪ್ರಬಂಧ'ದಲ್ಲಿ ಪ್ರೇಮ ಕನಸಿನಲ್ಲಿ ಹುಟ್ಟುತ್ತದೆ. ಬೇತಾಳ ಹಾಗೂ ಬತ್ತೀಸ ಪುತ್ತಳಿ ಕಥೆಗಳು ಜನಪ್ರಿಯ ಶಾಖೆ.

ಆಧುನಿಕ ಕನ್ನಡದಲ್ಲಿ ಈ ಪ್ರಕಾರ ಕಾದಂಬರಿಗಿಂತ ರಂಗಭೂಮಿಯಲ್ಲಿ ಹೆಚ್ಚು ಬೆಳಗಿದೆ. ಗಿರೀಶ ಕಾರ್ನಾಡರ 'ಹಯವದನ' (1971) ತಲೆ ಅದಲುಬದಲಾಗುವ ಬೇತಾಳಕಥೆಯನ್ನೂ, 'ನಾಗಮಂಡಲ' (1988) ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನೂ ಆಧರಿಸಿವೆ.