ಒಂದು ತೋಳಿನ ರಕ್ತ, ಹಲವು ಸೀಸೆ

ಓದುಗರೇ, ಜ್ವರ ಬಂದು ಆಸ್ಪತ್ರೆಗೆ ಹೋದಾಗ ನಿಮ್ಮ ತೋಳಿಗೆ ಚುಚ್ಚುವುದು ಒಂದೇ ಸಲ. ಆದರೆ ತೆಗೆದ ರಕ್ತವನ್ನು ನೇರಳೆ, ಕೆಂಪು, ಬೂದು ಮುಚ್ಚಳದ ಬೇರೆ ಬೇರೆ ಸೀಸೆಗಳಿಗೆ ತುಂಬುತ್ತಾರೆ. ಒಂದು ವರದಿ ಸಂಜೆಗೇ ಸಿಗುತ್ತದೆ, ಇನ್ನೊಂದಕ್ಕೆ ಮೂರು ದಿನ ಕಾಯಬೇಕು. "ಇರುವುದು ಅದೇ ರಕ್ತ ತಾನೆ, ಇಷ್ಟೆಲ್ಲ ಏಕೆ?" ಎಂದು ನೀವು ಗೊಣಗಿರಲೂಬಹುದು. ಇದಕ್ಕೆ ಉತ್ತರವನ್ನು ನಮ್ಮ ಸೀಮೆಯಲ್ಲೇ ನಡೆದ ಒಂದು ಘಟನೆಯಿಂದ ಹೇಳಬಹುದು.

ಸೂಳೆಕೆರೆಯ ಸಮೀಪದ ಕೆರೆಬಿಳಚಿ ಇರುವ ಚನ್ನಗಿರಿ ತಾಲ್ಲೂಕು, 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ಅದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದವು. ಕಾಡಂಚಿನ ಹಳ್ಳಿಗಳಲ್ಲಿ ಜನರೂ ತೀವ್ರ ಜ್ವರ, ತಲೆನೋವು, ಮೈಕೈ ನೋವಿನಿಂದ ಮಲಗಿದರು. ಕೆಲವರು ಮತ್ತೆ ಏಳಲಿಲ್ಲ.

ಅಂದಿನ ಆಸ್ಪತ್ರೆಯ ಪ್ರಯೋಗಾಲಯ ಇಂಥ ಜ್ವರವನ್ನು ಹೇಗೆ ಪರೀಕ್ಷಿಸಬಹುದಿತ್ತು? ಒಂದೊಂದೇ ವಿಭಾಗವನ್ನು ನೋಡೋಣ.

ಮೊದಲನೆಯದು ರಕ್ತಪರೀಕ್ಷಾ ವಿಭಾಗ. ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿಯನ್ನು ತೆಳ್ಳಗೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಲೇರಿಯಾ ಪರೋಪಜೀವಿ ಕಾಣುತ್ತದೆ. ಲಾವೆರಾನ್ 1880ರಲ್ಲಿ ಮೊದಲು ಕಂಡದ್ದು ಇದನ್ನೇ. ರಕ್ತಕಣಗಳ ಎಣಿಕೆಯೂ ಇಲ್ಲಿನ ಕೆಲಸ. ಅದಕ್ಕೆ ರಕ್ತ ಹೆಪ್ಪುಗಟ್ಟಬಾರದು; ನೇರಳೆ ಮುಚ್ಚಳದ ಸೀಸೆಯಲ್ಲಿರುವ ರಾಸಾಯನಿಕ ಅದನ್ನು ತಡೆಯುತ್ತದೆ. ಕ್ಯಾಸನೂರಿನ ಜ್ವರದಲ್ಲಿ ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಇಳಿಯುತ್ತವೆ. ಡೆಂಗೆಯಲ್ಲೂ ಹಾಗೆಯೇ. ಎಂದರೆ ಈ ವಿಭಾಗ ಎಚ್ಚರಿಸಬಲ್ಲದು, ರೋಗದ ಹೆಸರು ಹೇಳಲಾರದು.

ಎರಡನೆಯದು ಜೀವರಸಾಯನ ವಿಭಾಗ. ಸಕ್ಕರೆ, ಯೂರಿಯಾ, ಯಕೃತ್ತಿನ ಕಿಣ್ವಗಳನ್ನು ಅಳೆಯುವುದು ಇಲ್ಲಿ. ರಕ್ತಕಣಗಳು ಸೀಸೆಯೊಳಗೂ ಸಕ್ಕರೆಯನ್ನು ಬಳಸುತ್ತಲೇ ಇರುತ್ತವೆ. ಬೂದು ಮುಚ್ಚಳದ ಸೀಸೆಯ ಫ್ಲೋರೈಡ್ ಅದಕ್ಕೆ ತಡೆ. ಯಾವ ಅಂಗಕ್ಕೆ ಎಷ್ಟು ಪೆಟ್ಟು ಬಿದ್ದಿದೆ ಎಂಬುದು ಇಲ್ಲಿ ತಿಳಿಯುತ್ತದೆ, ಪೆಟ್ಟು ಕೊಟ್ಟವರು ಯಾರೆಂಬುದಲ್ಲ.

ಮೂರನೆಯದು ಸೂಕ್ಷ್ಮಜೀವಿ ವಿಭಾಗ. ಇಲ್ಲಿ ಬ್ಯಾಕ್ಟೀರಿಯಾವನ್ನು ಬೀಜದಂತೆ ಬಿತ್ತಿ ಬೆಳೆಸುತ್ತಾರೆ. ಬೆಳೆಯಲು ಕಾಲ ಬೇಕು. ಮೂರು ದಿನದ ಗುಟ್ಟು ಇದೇ. ರಕ್ತ ಕೊಡುವ ಮೊದಲೇ ಆ್ಯಂಟಿಬಯಾಟಿಕ್ ಗುಳಿಗೆ ನುಂಗಿದ್ದರೆ ಬೆಳೆ ಮೊಳೆಯದೆ ಹೋಗಬಹುದು. ಆದರೆ ವೈರಸ್ ಜೀವಂತ ಕೋಶದೊಳಗೆ ಮಾತ್ರ ಬೆಳೆಯುತ್ತದೆ. ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯಲ್ಲಿ ಅದು ಸಿಗುವುದೇ ಇಲ್ಲ.

ಹೀಗಾಗಿ ಪ್ರಶ್ನೆ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಹೋಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಸ್ಥಾಪಿಸಿದ ಕೇಂದ್ರ ಅದು. ವಿಜ್ಞಾನಿಗಳ ಮನಸ್ಸಿನಲ್ಲಿ ದೊಡ್ಡ ಭಯವಿತ್ತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳನ್ನು ಕೊಲ್ಲುವ ಹಳದಿ ಜ್ವರ ಇಲ್ಲಿಗೂ ಬಂತೇ? ಅದನ್ನು ಹರಡಬಲ್ಲ ಸೊಳ್ಳೆ ನಮ್ಮ ಮನೆಮನೆಯಲ್ಲೂ ಇತ್ತು. ಹೌದೆಂದಾಗಿದ್ದರೆ ಇಡೀ ಏಷ್ಯಾಕ್ಕೇ ಗಂಡಾಂತರ.

ಸತ್ತ ಮಂಗಗಳ ಶವಪರೀಕ್ಷೆ ನಡೆಯಿತು. ಮಾದರಿಗಳನ್ನು ಇಲಿಮರಿಗಳಿಗೆ ಚುಚ್ಚಿ ವೈರಸ್ಸನ್ನು ಬೇರ್ಪಡಿಸಿದರು. ಅದು ಯಾವ ಬಳಗದ್ದೆಂದು ಹೇಳಿದ್ದು ಪ್ರತಿಕಾಯಗಳನ್ನು ಹೋಲಿಸುವ ಸೀರಂ ಪರೀಕ್ಷೆ. ಹಳದಿ ಜ್ವರವಲ್ಲ! ರಷ್ಯಾದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮೆದುಳು ಜ್ವರದ ವೈರಸ್ಸಿಗೆ ಹತ್ತಿರದ ನೆಂಟ. ಕೀಟ ತಜ್ಞರು ಕ್ಯಾಸನೂರು ಕಾಡಿನ ಉಣ್ಣೆಗಳಲ್ಲೂ ಅದನ್ನೇ ಕಂಡರು. ಪ್ರಪಂಚದ ಪುಸ್ತಕಗಳಲ್ಲಿ ಅದು 'ಕ್ಯಾಸನೂರು ಕಾಡಿನ ಕಾಯಿಲೆ', ನಮ್ಮ ಜನರ ಬಾಯಲ್ಲಿ 'ಮಂಗನ ಕಾಯಿಲೆ'. ಈ ಕೆಲಸದಲ್ಲಿ ತೊಡಗಿದ್ದ ಪ್ರಯೋಗಾಲಯದ ಸಿಬ್ಬಂದಿಗೂ ಸೋಂಕು ತಗುಲಿತೆಂಬುದನ್ನು ನಾವು ಮರೆಯಬಾರದು.

ಗಮನಿಸಿ: ಯಾವ ಒಂದು ವಿಭಾಗವೂ ಒಂಟಿಯಾಗಿ ಇದನ್ನು ಕಂಡುಹಿಡಿಯಲಿಲ್ಲ. ಪ್ರತಿಯೊಂದೂ ತನ್ನನ್ನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟಿತು. ಮೊದಲ ಪ್ರಶ್ನೆ ಹುಟ್ಟಿದ್ದಾದರೂ ಪ್ರಯೋಗಾಲಯದಲ್ಲಲ್ಲ. ಕಾಡಿನಲ್ಲಿ ಮಂಗಗಳು ಸಾಯುತ್ತಿವೆ ಎಂಬ ಸುದ್ದಿಯಿಂದ.

ಇಂದು ಶಿವಮೊಗ್ಗದಲ್ಲೇ ವೈರಸ್ ಪತ್ತೆ ಪ್ರಯೋಗಾಲಯವಿದೆ. ಜ್ವರದ ಮೊದಲ ದಿನಗಳಲ್ಲಿ ವೈರಸ್ಸಿನ ಅಂಶವನ್ನೇ ಹುಡುಕುವ ಆರ್‌ಟಿ–ಪಿಸಿಆರ್ ಪರೀಕ್ಷೆ ಉಂಟು. ದಿನಗಳು ಕಳೆದ ಮೇಲೆ ಪ್ರತಿಕಾಯ ಹುಡುಕುವ ಎಲೈಸಾ ಪರೀಕ್ಷೆ. ಯಾವುದು ಸರಿ ಎಂಬುದು ಜ್ವರ ಎಷ್ಟನೆಯ ದಿನದ್ದು ಎಂಬುದರ ಮೇಲೆ ನಿಂತಿದೆ. ದಿನ ತಪ್ಪಿ ಹೇಳಿದರೆ ಪರೀಕ್ಷೆಯ ಆಯ್ಕೆ ತಪ್ಪಬಹುದು. ರೋಗವಿದ್ದೂ 'ಇಲ್ಲ' ಎಂಬ ವರದಿ ಬರಬಹುದು.

ಕೆರೆಬಿಳಚಿಯ ಒಬ್ಬರು ಸಾಗರದ ಕಡೆ ಅಡಿಕೆ ಕೊಯ್ಲಿಗೆ ಹೋಗಿ ಬಂದು ಜ್ವರದಿಂದ ಮಲಗಿದರು ಎನ್ನಿ. ಕಾಡಿಗೆ ಹೋಗಿದ್ದನ್ನು ಅವರು ಹೇಳದಿದ್ದರೆ ವೈದ್ಯರು ಚೀಟಿಯಲ್ಲಿ ಮಲೇರಿಯಾ, ಟೈಫಾಯಿಡ್ ಎಂದಷ್ಟೇ ಬರೆದಾರು. ಪ್ರಯೋಗಾಲಯವೂ ಅವೆರಡನ್ನೇ ಹುಡುಕೀತು.

ಕಾರ್ಯಕ್ರಮ ತಯಾರಿಸುವ ನಮ್ಮ ಕ್ಯಾಮೆರಾಕ್ಕೆ ಪ್ರಯೋಗಾಲಯದಲ್ಲಿ ಕಾಣುವುದು ಸೀಸೆ, ಯಂತ್ರ, ಬಾಗಿದ ತಲೆಗಳು ಮಾತ್ರ. ಕಾಣದಿರುವುದು ನೀವು ಹೇಳುವ ಮಾತು. ಜ್ವರ ಎಂದು ಶುರುವಾಯಿತು, ಎಲ್ಲಿಗೆ ಹೋಗಿದ್ದಿರಿ, ಯಾವ ಗುಳಿಗೆ ನುಂಗಿದಿರಿ, ಸತ್ತ ಮಂಗವನ್ನೇನಾದರೂ ಕಂಡಿರಾ — ಕೇಳುವ ತನಕ ಕಾಯದೆ ಹೇಳಿ. ಪರೀಕ್ಷೆ ಅಲ್ಲಿಂದಲೇ ಆರಂಭವಾಗುತ್ತದೆ.