ಮೊಸರೂ ಸೆಟ್ ಆಗುವ ಕಾಲ

ಮೊನ್ನೆ ಹೋಟೆಲಿನಲ್ಲಿ ಊಟದ ಕೊನೆಗೆ ಮೊಸರು ಕೇಳಿದೆ. ಬಡಿಸುವ ಹುಡುಗ, ‘ಮೊಸರು ಇನ್ನೂ ಸೆಟ್ ಆಗಿಲ್ಲ ಸಾರ್’ ಅಂದ. ಊಟ ಮುಗಿಸಿ ಮನೆಗೆ ಬಂದರೂ ಆ ಮಾತು ತಲೆಯಿಂದ ಹೋಗಲಿಲ್ಲ.

ಇಂಗ್ಲಿಷಿನಲ್ಲಿ ‘ಸೆಟ್’ ದೊಡ್ಡ ಆಳು. 1989ರ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಈ ಕ್ರಿಯಾಪದಕ್ಕೆ 430 ಅರ್ಥಗಳಿವೆ; ವಿವರಣೆಯೇ ಸುಮಾರು 60,000 ಪದಗಳಷ್ಟು. ಈಚೆಗೆ 645 ಅರ್ಥಗಳ ‘ರನ್’ ಅದನ್ನು ಹಿಂದಿಕ್ಕಿದೆ. ಸೂರ್ಯ ಮುಳುಗುವುದೂ ಅವರಿಗೆ ಸೆಟ್, ಮುರಿದ ಮೂಳೆ ಕೂರಿಸುವುದೂ ಸೆಟ್, ಉಂಗುರಕ್ಕೆ ಹರಳು ಕಟ್ಟುವುದೂ, ಬೋನು ಒಡ್ಡುವುದೂ, ಬೆಂಕಿ ಹಚ್ಚುವುದೂ ಸೆಟ್. ಅದು ಆ ಭಾಷೆಯ ಜಾಯಮಾನ, ತಕರಾರಿಲ್ಲ.

ನಮ್ಮಲ್ಲಿ ಈ ಪದ ಬಂದದ್ದು ಶಾಲೆಯಿಂದಲ್ಲ, ಮೋಲ್ಡ್ ಹಾಕುವ ಜಾಗದಿಂದ ಎಂಬುದು ನನ್ನ ಗಟ್ಟಿ ವಾದ. ‘ಸಿಮೆಂಟ್ ಸೆಟ್ ಆಗ್ಲಿ, ಆಮೇಲೆ ನೀರು ಹೊಡೀರಿ’ ಎಂಬ ಮೇಸ್ತ್ರಿಯ ಮಾತು ಗ್ಯಾರೇಜಿಗೆ ಹೋಗಿ ‘ಬ್ರೇಕ್ ಸೆಟ್ ಮಾಡು’ ಆಯಿತು. ಅಲ್ಲಿಂದ ಕಾಲೇಜಿಗೆ ಹೋಗಿ ‘ನಮ್ಮಿಬ್ಬರಿಗೂ ಸೆಟ್ ಆಗಲ್ಲ’ ಆಯಿತು. ಈಗ ಅಡುಗೆಮನೆಗೂ ಕಾಲಿಟ್ಟಿದೆ.

ಅಡುಗೆಮನೆಯಲ್ಲಿ ‘ಹೆಪ್ಪು’ ಇತ್ತಲ್ಲ! ನನ್ನ ಅಜ್ಜಿ ಕಾಯಿಸಿದ ಹಾಲಿಗೆ ಕಿರುಬೆರಳು ಅದ್ದಿ, ಬಿಸಿ ಹದಕ್ಕೆ ಬಂದಿದೆ ಎನಿಸಿದ ಮೇಲೆ ಒಂದು ಚಮಚ ಹುಳಿಮಜ್ಜಿಗೆ ಬಿಟ್ಟು ಮುಚ್ಚಿಡುತ್ತಿದ್ದಳು. ಚಳಿಗಾಲದಲ್ಲಿ ಪಾತ್ರೆಗೆ ಹಳೇ ಸೀರೆ ಸುತ್ತುವಳು. ಹೆಪ್ಪು ಮುಗಿದಿದ್ದರೆ ತೊಟ್ಟಿರುವ ಹಸಿಮೆಣಸಿನಕಾಯಿಯನ್ನೇ ಹಾಲಿಗೆ ಹಾಕುವಳು, ಬೆಳಗಾಗುವಷ್ಟರಲ್ಲಿ ಮೊಸರು. ಪಕ್ಕದ ಮನೆಯವರು ದೀಪ ಹಚ್ಚಿದ ಮೇಲೆ ಹೆಪ್ಪು ಕೇಳಿದರೆ ಮಾತ್ರ ಕೊಡುತ್ತಿರಲಿಲ್ಲ, ಲಕ್ಷ್ಮಿ ಹೊರಟುಹೋಗುತ್ತಾಳೆಂದು. ಈ ಪದ ಪಾತ್ರೆಯೊಳಗೇ ಉಳಿಯಲಿಲ್ಲ. ರಕ್ತ ಹೆಪ್ಪುಗಟ್ಟಿತು, ಮೋಡ ಹೆಪ್ಪುಗಟ್ಟಿತು, ಗಂಡ ಸತ್ತ ಮನೆಯಲ್ಲಿ ಅಳಲಾರದವಳ ದುಃಖವೂ ಹೆಪ್ಪುಗಟ್ಟಿತು. ಈ ದುಃಖಕ್ಕೆ ‘ಸೆಟ್ ಆಯ್ತು’ ಎನ್ನಲು ಯಾರಿಗೆ ಬಾಯಿ ಬರುತ್ತದೆ?

ಉಳಿದವೂ ಹೀಗೇ ಸವೆಯುತ್ತಿವೆ. ಹೊಸ ಊರಿನ ನೀರು ಒಗ್ಗುತ್ತಿತ್ತು, ಸೀರೆಯ ಬಣ್ಣ ಮೈಗೆ ಒಪ್ಪುತ್ತಿತ್ತು, ಸೊಸೆ ಮನೆಗೆ ಹೊಂದಿಕೊಳ್ಳುತ್ತಿದ್ದಳು, ಜಾತಕ ಕೂಡಿಬರುತ್ತಿತ್ತು. ಒಗ್ಗುವುದಕ್ಕೆ ದಿನ ಬೇಕು, ಒಪ್ಪುವುದಕ್ಕೆ ಕಣ್ಣು ಸಾಕು. ಈ ವ್ಯತ್ಯಾಸ ತಿಳಿದೇ ನಮ್ಮವರು ಬೇರೆ ಬೇರೆ ಮಾತು ಇಟ್ಟುಕೊಂಡಿದ್ದರು. ಈಗ ನಾಲ್ಕಕ್ಕೂ ‘ಸೆಟ್ ಆಯ್ತು’. ಬ್ರೇಕಿಗೆ ಆ ಪದ ಇರಲಿ, ಸೊಸೆಗೆ ಬೇಡ.

ಸಿಮೆಂಟಿಗೂ ಮೊದಲು ಸುಣ್ಣದ ಗಾರೆಯಲ್ಲಿ ಮನೆ ಕಟ್ಟಿದ ಹಿರಿಯರು ನಿಮ್ಮೂರಿನಲ್ಲಿದ್ದರೆ, ಗಾರೆ ಬಿಗಿದುಕೊಳ್ಳುವುದಕ್ಕೆ ಅವರು ಯಾವ ಮಾತು ಆಡುತ್ತಿದ್ದರೆಂದು ಕೇಳಿ, ದಯವಿಟ್ಟು ನನಗೊಂದು ಕಾಗದ ಬರೆಯಿರಿ.